ಗೊರೂರು ಅಣೆಕಟ್ಟೆ ಇದ್ದಂತೆಯೇ ಹೇಮಾವತಿಗೆ ಬಿಳಿಮೀನು ಮರಳಬಹುದೇ?

ಪ್ರಶ್ನೆ: ಅಮೆರಿಕದ ಕ್ಲಾಮತ್ ನದಿಯ ಅಣೆಕಟ್ಟೆಗಳನ್ನು ತೆಗೆದ ಕೂಡಲೇ ಸಾಲ್ಮನ್ ಮೀನುಗಳು ಮೇಲಿನ ಹಳ್ಳಗಳಿಗೆ ಮರಳಿದವೆಂದು ಓದಿದೆ. ನಮ್ಮ ಕಾಫಿ ತೋಟ ಸಕಲೇಶಪುರ ತಾಲ್ಲೂಕಿನಲ್ಲಿ, ಹೇಮಾವತಿಗೆ ಸೇರುವ ಹಳ್ಳವೊಂದರ ದಂಡೆಯಲ್ಲಿದೆ. ಗೊರೂರು ಅಣೆಕಟ್ಟೆ ಆಗುವ ಮೊದಲು ಮಳೆಗಾಲದಲ್ಲಿ ದೊಡ್ಡ ಬಿಳಿಮೀನುಗಳು (ಮಹಸೀರ್) ಇಲ್ಲಿಯವರೆಗೂ ಹತ್ತಿ ಬರುತ್ತಿದ್ದವೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಹಾಸನ, ತುಮಕೂರಿನ ಜನ ಕುಡಿಯುವುದು ಇದೇ ನೀರಾದ್ದರಿಂದ ಅಣೆಕಟ್ಟೆ ಒಡೆಯುವ ಮಾತೇ ಇಲ್ಲ. ಅದು ಇದ್ದಂತೆಯೇ ಮೀನನ್ನು ಮರಳಿ ತರಬಹುದೇ? ಮೀನು ಕಟ್ಟೆ ಹತ್ತಲು ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿಯುವ ಮೀನಿನ ಏಣಿ ಕಟ್ಟಿದರೆ, ಇಲ್ಲವೇ ಮರಿ ತಂದು ಬಿಟ್ಟರೆ ಸಾಕೇ? ನಮ್ಮ ಹಳ್ಳದ ಕಿಂಡಿ ಅಣೆಕಟ್ಟಿನಿಂದ ಮೀನಿಗೆ ತೊಂದರೆಯಿದೆಯೇ?

ಉತ್ತರ: ಸಾಧ್ಯವಿದೆ. ಆದರೆ ಅದಕ್ಕೆ ನೀವು ನೋಡಬೇಕಾದ ಮಾದರಿ ಕ್ಲಾಮತ್ ಅಲ್ಲ. ಅಲ್ಲಿ 2024ರಲ್ಲಿ ತೆರವು ಮುಗಿದ ನಾಲ್ಕೂ ಅಣೆಕಟ್ಟೆಗಳು ವಿದ್ಯುತ್ತಿಗಾಗಿ ಕಟ್ಟಿದವು. ಅವುಗಳನ್ನು ತೆಗೆದದ್ದರಿಂದ ಯಾರ ಮನೆಯ ನಲ್ಲಿಯೂ ನಿಲ್ಲಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲೇ ಚಿನೂಕ್ ಸಾಲ್ಮನ್‌ಗಳು ಹಳೆಯ ಅಣೆಕಟ್ಟೆಗಳ ಜಾಗ ದಾಟಿ ಮೇಲೆ ಹೋದದ್ದು ನಿಜ. ಗೊರೂರಿನ ಪರಿಸ್ಥಿತಿ ಬೇರೆ. 1979ರಲ್ಲಿ ಪೂರ್ಣಗೊಂಡ, 37 ಟಿಎಂಸಿ ಸಾಮರ್ಥ್ಯದ ಆ ಜಲಾಶಯದ ಮೇಲೆ ಮೂರು ಜಿಲ್ಲೆಗಳ ಗದ್ದೆ ಮತ್ತು ಹಲವು ಊರುಗಳ ಕುಡಿಯುವ ನೀರು ನಿಂತಿದೆ. ಆದ್ದರಿಂದ ನೀರು ಪೂರೈಕೆಯ ಕಟ್ಟೆಯನ್ನು ಉಳಿಸಿಕೊಂಡೇ ಮೀನನ್ನು ಮರಳಿ ಪಡೆದ ನದಿಗಳನ್ನು ನೋಡುವುದು ಒಳ್ಳೆಯದು. ಅಂಥ ಎರಡು ನದಿಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗಳಿಗೆ ಉತ್ತರದ ಬಹುಪಾಲು ಅಲ್ಲಿಯೇ ಸಿಗುತ್ತದೆ.

ಮೊದಲನೆಯದು ವಾಷಿಂಗ್ಟನ್ ರಾಜ್ಯದ ಸೀಡರ್ ನದಿ. ಸಿಯಾಟಲ್ ನಗರಕ್ಕೂ ಸುತ್ತಲಿನ ಊರುಗಳಿಗೂ ಹೆಚ್ಚಿನ ಕುಡಿಯುವ ನೀರು ಬರುವುದು ಇದೇ ನದಿಯಿಂದ. ಆ ನೀರನ್ನು ಕೊಳವೆಗೆ ತಿರುಗಿಸಲು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲ್ಯಾಂಡ್ಸ್‌ಬರ್ಗ್ ಎಂಬಲ್ಲಿ ಕಟ್ಟಿದ ಗಿಡ್ಡ ಒಡ್ಡು ಸುಮಾರು ನೂರು ವರ್ಷ ಸಾಲ್ಮನ್‌ಗಳ ದಾರಿಯನ್ನು ಮುಚ್ಚಿತ್ತು. 2003ರಲ್ಲಿ ಅಲ್ಲಿ ಮೀನಿನ ಏಣಿಯನ್ನೂ, ಮರಿಗಳು ಕೊಳವೆಯೊಳಗೆ ಹೋಗದಂತೆ ಜರಡಿಯನ್ನೂ ಹಾಕಿದ ಮೇಲೆ ಚಿನೂಕ್ ಮತ್ತು ಕೋಹೊ ಜಾತಿಯ ಸಾಲ್ಮನ್‌ಗಳು ಮೇಲಿನ ಕಾಡಿನ ನದಿಗೆ ತಾವಾಗಿಯೇ ಹತ್ತಿ ಮೊಟ್ಟೆಯಿಡತೊಡಗಿದವು. ಆದರೆ ಸಾಕೈ ಎಂಬ ಮೂರನೆಯ ಜಾತಿಯನ್ನು ಮಾತ್ರ ಒಡ್ಡಿನ ಮೇಲಕ್ಕೆ ಬಿಡುವುದಿಲ್ಲ. ಶಾಂತಸಾಗರದ ಸಾಲ್ಮನ್‌ಗಳು ಮೊಟ್ಟೆಯಿಟ್ಟ ಬಳಿಕ ಸಾಯುತ್ತವೆ. ಸಾಕೈ ಮೀನುಗಳು ಬರುವುದು ಭಾರೀ ಸಂಖ್ಯೆಯಲ್ಲಿ. ಅಷ್ಟೊಂದು ಸತ್ತ ಮೀನು ಕುಡಿಯುವ ನೀರಿನ ಮೂಲದಲ್ಲಿ ಕೊಳೆಯುವುದು ಬೇಡವೆಂಬುದು ನಗರದವರ ನಿರ್ಧಾರ. ಈ ನಿರ್ಧಾರವನ್ನು ನಾನು ಮೆಚ್ಚುತ್ತೇನೆ. ನೀರು ಕುಡಿಯುವವರ ಆತಂಕಕ್ಕೆ ಮೊದಲೇ ಉತ್ತರ ಕೊಟ್ಟಿದ್ದರಿಂದಲೇ ಉಳಿದೆರಡು ಜಾತಿಗಳಿಗೆ ಬಾಗಿಲು ತೆರೆಯಿತು. ನಮ್ಮ ಬಿಳಿಮೀನಿನ ವಿಷಯದಲ್ಲಿ ಈ ತೊಡಕೇ ಇಲ್ಲ. ಅದು ಮೊಟ್ಟೆಯಿಟ್ಟು ಸಾಯುವ ಮೀನಲ್ಲ. ಮೇಲೆ ಹೋಗಿ, ಮೊಟ್ಟೆಯಿಟ್ಟು, ಇಳಿದು ಬಂದು, ಮತ್ತೆ ಮುಂದಿನ ಮಳೆಗಾಲಗಳಲ್ಲಿ ಹತ್ತುತ್ತದೆ. ಹಾಸನದ ನಲ್ಲಿನೀರಿಗೆ ಅದರಿಂದ ಯಾವ ಕೇಡೂ ಇಲ್ಲ.

ಎರಡನೆಯದು ಕ್ಯಾಲಿಫೋರ್ನಿಯಾದ ಪ್ಯೂಟಾ ಎಂಬ ಚಿಕ್ಕ ಹೊಳೆ. ಹೇಮಾವತಿಗೆ ಇದೇ ಹೆಚ್ಚು ಹತ್ತಿರದ ಉದಾಹರಣೆಯೆಂದು ನನ್ನ ಅಭಿಪ್ರಾಯ. 1950ರ ದಶಕದಲ್ಲಿ ಕಟ್ಟಿದ ಮಾಂಟಿಸೆಲೊ ಅಣೆಕಟ್ಟೆಯ ನೀರು ಸೊಲಾನೊ ಜಿಲ್ಲೆಯ ಊರುಗಳಿಗೂ ಹೊಲಗಳಿಗೂ ಹೋಗುತ್ತದೆ. 1980ರ ದಶಕದ ಕೊನೆಯ ಬರದಲ್ಲಿ ಅಣೆಕಟ್ಟೆಯ ಕೆಳಗಿನ ಹೊಳೆ ಬತ್ತಿ, ಮೀನು ಸತ್ತು, ವಿಷಯ ನ್ಯಾಯಾಲಯಕ್ಕೆ ಹೋಗಿ, 2000ದಲ್ಲಿ ಒಂದು ಒಪ್ಪಂದವಾಯಿತು. ಆ ಒಪ್ಪಂದದಲ್ಲಿ ಅಣೆಕಟ್ಟೆಯ ನೀರಿನ ದೊಡ್ಡ ಪಾಲನ್ನೇನೂ ಕೇಳಲಿಲ್ಲ. ವರ್ಷವಿಡೀ ಹೊಳೆಯಲ್ಲಿ ತೆಳುವಾದ ಹರಿವು ಇರಬೇಕು, ನಾಡಮೀನುಗಳು ಮೊಟ್ಟೆಯಿಡುವ ವಸಂತದಲ್ಲಿ ಕೆಲವು ದಿನ ಹೆಚ್ಚು ನೀರು ಬಿಡಬೇಕು, ಸಾಲ್ಮನ್ ಬರುವ ಶರತ್ಕಾಲದಲ್ಲಿ ಇನ್ನೊಮ್ಮೆ ಬಿಡಬೇಕು, ಅದೇ ಹೊತ್ತಿಗೆ ಕೆಳಗಿನ ಹಲಗೆಕಟ್ಟೆಯ ಹಲಗೆಗಳನ್ನು ತೆಗೆಯಬೇಕು ಎಂಬುದು ಅದರ ಸಾರ. ಫಲ ಬರಲು ಹಲವು ವರ್ಷ ಹಿಡಿಯಿತು. ಬೆರಳೆಣಿಕೆಯಷ್ಟು ಬರುತ್ತಿದ್ದ ಚಿನೂಕ್‌ಗಳ ಸಂಖ್ಯೆ 2016ರ ಹೊತ್ತಿಗೆ ಸಾವಿರ ದಾಟಿತೆಂದು ಅಂದಾಜಿಸಲಾಯಿತು. ಬಂದವುಗಳಲ್ಲಿ ಹೆಚ್ಚಿನವು ಬೇರೆ ನದಿಗಳ ಮರಿಕೇಂದ್ರಗಳಲ್ಲಿ ಹುಟ್ಟಿ, ದಾರಿ ತಪ್ಪಿ ಈ ಹೊಳೆಗೆ ನುಗ್ಗಿದ ಮೀನುಗಳು. ಅಂದರೆ ದಾರಿ ತೆರೆದು ಸರಿಯಾದ ಹೊತ್ತಿಗೆ ನೀರು ಬಿಟ್ಟದ್ದಷ್ಟೇ ಮನುಷ್ಯರ ಕೆಲಸ. ಹೊಳೆಯನ್ನು ಹುಡುಕಿಕೊಂಡು ಬಂದದ್ದು ಮೀನೇ. ಎಷ್ಟು ನೀರು ಎನ್ನುವುದಕ್ಕಿಂತ ಯಾವಾಗ ನೀರು ಎನ್ನುವುದು ಹೆಚ್ಚು ಮುಖ್ಯವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಈಗ ನಿಮ್ಮ ಏಣಿಯ ಪ್ರಶ್ನೆ. ಗೊರೂರಿನಲ್ಲಿ ಏಣಿ ಕಟ್ಟುವ ಯೋಚನೆಯನ್ನು ನಾನು ಬೆಂಬಲಿಸುವುದಿಲ್ಲ. ಲ್ಯಾಂಡ್ಸ್‌ಬರ್ಗ್ ಒಡ್ಡು ಗಿಡ್ಡದು. ಗೊರೂರಿನದು ಸುಮಾರು 58 ಮೀಟರ್ ಎತ್ತರದ ಅಣೆಕಟ್ಟೆ, ಮೇಲೆ ಬೇಸಿಗೆಗೂ ಮಳೆಗಾಲಕ್ಕೂ ನೀರಿನ ಮಟ್ಟ ಬಹಳ ಏರಿಳಿಯುವ ಹಿನ್ನೀರು. ಶೆಟ್ಟಿಹಳ್ಳಿಯ ಹಳೆಯ ಚರ್ಚು ಒಂದು ಕಾಲದಲ್ಲಿ ನೀರಲ್ಲಿ ನಿಂತು, ಇನ್ನೊಂದು ಕಾಲದಲ್ಲಿ ಒಣನೆಲದ ಮೇಲೆ ನಿಲ್ಲುವುದನ್ನು ನೀವು ನೋಡಿಯೇ ಇರುತ್ತೀರಿ. ಇಂಥ ಕಡೆ ಏಣಿಯ ಮೇಲ್ತುದಿಯನ್ನು ನೀರಿಗೆ ತಾಗಿಸಿಡುವುದೇ ದೊಡ್ಡ ಕೆಲಸ. ಅದಕ್ಕಿಂತ ಮುಖ್ಯವಾಗಿ, ಜಿಗಿಯುವ ಸಾಲ್ಮನ್‌ಗೆಂದು ರೂಪಿಸಿದ ಏಣಿಗಳು ಉಷ್ಣವಲಯದ ನದಿಗಳಲ್ಲಿ ಕೈಕೊಟ್ಟಿವೆ. ಥಾಯ್ಲೆಂಡಿನ ಪಾಕ್ ಮುನ್ ಅಣೆಕಟ್ಟೆ 1994ರಲ್ಲಿ ಮುಗಿದಾಗ ಅದಕ್ಕೂ ಏಣಿಯಿತ್ತು. ಆ ಏಣಿಯಿಂದ ಪ್ರಯೋಜನವಾಗಲಿಲ್ಲವೆಂದು ಜಾಗತಿಕ ಅಣೆಕಟ್ಟೆ ಆಯೋಗದ ಅಧ್ಯಯನವೇ ಹೇಳಿತು, ಆಮೇಲೆ ಮಳೆಗಾಲದಲ್ಲಿ ಗೇಟುಗಳನ್ನು ತೆರೆದಿಡಬೇಕಾಯಿತು.

ಅದೃಷ್ಟವಶಾತ್ ಬಿಳಿಮೀನಿಗೆ ಗೊರೂರನ್ನು ದಾಟಲೇಬೇಕಾದ ಅಗತ್ಯವಿಲ್ಲ. ಸಾಲ್ಮನ್ ಬೆಳೆಯುವುದು ಸಮುದ್ರದಲ್ಲಿ, ಹುಟ್ಟುವುದು ಹಳ್ಳದಲ್ಲಿ. ಎರಡರ ನಡುವೆ ಕಟ್ಟೆ ಬಂದರೆ ಅದರ ಬಾಳು ಅರ್ಧಕ್ಕೇ ತುಂಡಾಗುತ್ತದೆ. ಬಿಳಿಮೀನು ಸಿಹಿನೀರಿನಲ್ಲೇ ಹುಟ್ಟಿ ಅಲ್ಲೇ ಸಾಯುವ ಮೀನು. ಅದಕ್ಕೆ ಬೇಕಾದದ್ದು ಬೆಳೆಯಲು ಆಳವಾದ ನೀರು, ಮೊಟ್ಟೆಯಿಡಲು ಮೇಲೆ ಉರುಟುಗಲ್ಲಿನ ಹಾಸಿರುವ ತಿಳಿನೀರಿನ ಹಳ್ಳ, ಎರಡರ ನಡುವೆ ಅಡ್ಡಿಯಿಲ್ಲದ ದಾರಿ. ಗೊರೂರಿನ ಹಿನ್ನೀರು ಮೊದಲನೆಯದಾಗಬಲ್ಲದು. ಬಲ್ಲಾಳರಾಯನದುರ್ಗದ ಕಡೆಯಿಂದ ಮೂಡಿಗೆರೆ, ಸಕಲೇಶಪುರ ತಾಲ್ಲೂಕುಗಳ ಮೂಲಕ ಇಳಿದು ಬರುವ ಹೇಮಾವತಿಯೂ ಅದರ ಹಳ್ಳಗಳೂ ಎರಡನೆಯದಾಗಬಲ್ಲವು. ಅಣೆಕಟ್ಟೆಯ ಮೇಲ್ಭಾಗದ ಹೊಳೆಯೇ ಒಂದು ಪೂರ್ಣ ನದಿಯಂತೆ ಮೀನಿಗೆ ಸಾಲಬಹುದು. ಈ ಮಾತು ಎಲ್ಲ ಮೀನಿಗೂ ಅನ್ವಯಿಸುವುದಿಲ್ಲ. ಹಾವುಮೀನು ಮೊಟ್ಟೆಯಿಡುವುದು ಸಮುದ್ರದಲ್ಲಿ. ಮೆಟ್ಟೂರು, ಕೆಆರ್‌ಎಸ್, ಗೊರೂರು ಮೂರನ್ನೂ ದಾಟಿ ಅದರ ಮರಿ ನಿಮ್ಮ ಹಳ್ಳಕ್ಕೆ ಬರುವಂತೆ ಮಾಡುವ ಉಪಾಯ ಇಲ್ಲಿ ಹೇಳುವ ಯಾವುದರಲ್ಲೂ ಇಲ್ಲ.

ಹಾಗಾದರೆ ಮೇಲ್ಭಾಗದಲ್ಲಿ ಏನು ಅಡ್ಡಿ? ಮಳೆಗಾಲದಲ್ಲಿ ದೊಡ್ಡ ಅಡ್ಡಿಯಿಲ್ಲ, ಬೇಸಿಗೆಯಲ್ಲಿದೆ. ಬಿಳಿಮೀನು ಏರುಹೊಳೆಯಲ್ಲಿ ಹತ್ತಿ, ಪ್ರವಾಹ ಇಳಿಯುವ ಹೊತ್ತಿಗೆ ಕಲ್ಲುಹಾಸಿನ ಮೇಲೆ ಮೊಟ್ಟೆಯಿಡುತ್ತದೆ. ನಮ್ಮ ಹೊಳೆಗಳ ಬೆಚ್ಚಗಿನ ನೀರಿನಲ್ಲಿ ಮೂರು ನಾಲ್ಕು ದಿನಗಳಲ್ಲೇ ಮೊಟ್ಟೆಯೊಡೆದು ಮರಿ ಹೊರಬರುತ್ತದೆ. ಸಾಲ್ಮನ್ ಮೊಟ್ಟೆಯಂತೆ ತಿಂಗಳುಗಟ್ಟಲೆ ಕಲ್ಲಿನಡಿ ಕಾಯಬೇಕಿಲ್ಲ. ಆದರೆ ಆ ಮರಿಗಳು ಡಿಸೆಂಬರಿನಿಂದ ಮೇ ತನಕ ಉಳಿಯಬೇಕಾದದ್ದು ಹಳ್ಳದ ಮಡುಗಳಲ್ಲಿ. ಇದೇ ಅವಧಿಯಲ್ಲಿ ಮಲೆನಾಡಿನ ಹಳ್ಳಗಳ ಮೇಲೆ ಎರಡು ಹೊರೆ ಬೀಳುತ್ತವೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹಳ್ಳಕ್ಕೆ ಬಿಡುವ ಪಲ್ಪರ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರು, ಹುಳಿತು, ಕೊಳೆತು, ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ನುಂಗಿಬಿಡುತ್ತದೆ. ಹರಿವು ತೆಳುವಾದ ಹೊತ್ತಿನಲ್ಲಿ ಒಂದು ರಾತ್ರಿಯಲ್ಲೇ ಮಡುವಿನ ಮೀನೆಲ್ಲ ತೇಲಲು ಅದು ಸಾಕು. ಅದಾದ ಮೇಲೆ ಫೆಬ್ರವರಿ, ಮಾರ್ಚಿನ ಬ್ಲಾಸಮ್ ನೀರು, ಅಂದರೆ ಕಾಫಿ ಹೂ ಅರಳಿಸಲು ತೋಟಕ್ಕೆ ಹೊಡೆಯುವ ನೀರು.

ಈ ಎರಡನೆಯದರ ಲೆಕ್ಕವನ್ನು ಬೆಳೆಗಾರರಾದ ನೀವು ಒಮ್ಮೆ ಮಾಡಿ ನೋಡಬೇಕು. ಒಂದು ಎಕರೆಗೆ ಒಂದು ಇಂಚು ನೀರು ಹೊಡೆಯುವುದೆಂದರೆ ಸುಮಾರು ಒಂದು ಲಕ್ಷ ಲೀಟರ್. ಹಳ್ಳದಲ್ಲಿ ಒಂದು ಕ್ಯೂಸೆಕ್ ಹರಿವಿದ್ದರೆ ಅದು ಸೆಕೆಂಡಿಗೆ ಸುಮಾರು 28 ಲೀಟರ್, ಅಂದರೆ ಗಂಟೆಗೆ ಒಂದು ಲಕ್ಷ ಲೀಟರ್. ಹತ್ತು ಎಕರೆಗೆ ಒಂದು ಇಂಚು ಹೊಡೆದರೆ ಆ ಹಳ್ಳದ ಹತ್ತು ಗಂಟೆಯ ಹರಿವು ಪೂರ್ತಿ ಮುಗಿಯುತ್ತದೆ. ಮೇಲೆ ಬ್ಯಾಕಿಂಗ್‌ಗೆ, ಅಂದರೆ ಹೂವಾದ ಮೇಲೆ ಕಾಯಿ ಕಚ್ಚಲು, ಇನ್ನೊಂದು ಸುತ್ತು. ಒಂದೇ ಹಳ್ಳದ ಉದ್ದಕ್ಕೂ ಹತ್ತಾರು ತೋಟಗಳು ಒಂದೇ ವಾರದಲ್ಲಿ ಪಂಪು ಹಚ್ಚುತ್ತವೆ, ಏಕೆಂದರೆ ಹೂವು ಯಾರಿಗೂ ಕಾಯುವುದಿಲ್ಲ. ಮರಿಗಳಿದ್ದ ಮಡು ಆ ವಾರದಲ್ಲೇ ಕೆಸರಾಗುತ್ತದೆ. ಅಣೆಕಟ್ಟೆಯನ್ನು ದೂರುವುದು ಸುಲಭ. ಆದರೆ ಸಕಲೇಶಪುರದ ಮೇಲಿನ ಹಳ್ಳಗಳಲ್ಲಿ ಮೀನಿನ ಉಳಿವು ತೀರ್ಮಾನವಾಗುವುದು ಈ ಕೆಲವು ವಾರಗಳಲ್ಲೇ ಎಂದು ನಾನು ನಂಬಿದ್ದೇನೆ. ಇದಕ್ಕೆ ಪರಿಹಾರವೂ ತೋಟದಲ್ಲೇ ಇದೆ: ಹಳ್ಳ ತುಂಬಿ ಹರಿಯುವ ಆಗಸ್ಟ್, ಸೆಪ್ಟೆಂಬರಿನಲ್ಲಿ ತೋಟದ ಕೆರೆಯನ್ನು ತುಂಬಿಸಿಕೊಂಡು, ಬ್ಲಾಸಮ್‌ಗೆ ಆ ಕೆರೆಯಿಂದಲೇ ಎತ್ತುವುದು. ಕೆರೆಯಿಲ್ಲದವರು ಹಳ್ಳದ ಆಳವಾದ ಒಂದೆರಡು ಮಡುಗಳಿಗಾದರೂ ಪಂಪಿನ ಫುಟ್‌ವಾಲ್ವ್ ಇಳಿಸದಿರುವುದೆಂದು ನೆರೆಯ ತೋಟದವರ ಜೊತೆ ಕೂತು ಮಾತನಾಡಿಕೊಳ್ಳಬಹುದು. ಮೈಲುತುತ್ತ ಬೆರೆಸಿದ ಬೋರ್ಡೋ ದ್ರಾವಣ ಹೊಡೆದ ಡ್ರಮ್ಮುಗಳನ್ನು ಹಳ್ಳದಲ್ಲಿ ತೊಳೆಯುವುದನ್ನೂ ನಿಲ್ಲಿಸಬೇಕು. ಮೈಲುತುತ್ತ ಬಹಳ ಅಲ್ಪ ಪ್ರಮಾಣದಲ್ಲೂ ಮೀನುಮರಿಗೆ ವಿಷ.

ಹಿಡಿಯುವ ವಿಷಯವೂ ಇದೆ. ಮುಂಗಾರಿನ ಮೊದಲ ಏರುನೀರಿಗೆ ಕೂಣಿಯೊಡ್ಡಿ (ಮೀನು ಹಿಡಿಯುವ ಬುಟ್ಟಿಯಿಟ್ಟು) ಹತ್ತುಮೀನು ಹಿಡಿಯುವುದು ಮಲೆನಾಡಿನ ಹಳೆಯ ರೂಢಿ, ಅದರ ಸಂಭ್ರಮವನ್ನು ನಾನು ಬಲ್ಲೆ. ಮೀನು ಹೇರಳವಾಗಿದ್ದಾಗ ಹೊಳೆ ಅದನ್ನು ತಾಳಿಕೊಳ್ಳುತ್ತಿತ್ತು. ಆದರೆ ಮೊಟ್ಟೆ ತುಂಬಿಕೊಂಡು ಹತ್ತುವ ಮೀನನ್ನೇ ಹಿಡಿಯುವ ಈ ಪದ್ಧತಿಯನ್ನು, ಜಾತಿಯೊಂದು ಮರಳಿ ನೆಲೆಯೂರುತ್ತಿರುವ ಹಳ್ಳದಲ್ಲಿ ಕೆಲವು ವರ್ಷ ಕೈಬಿಡದೆ ಗತಿಯಿಲ್ಲ. ತೋಟೆ (ಸಿಡಿಮದ್ದು) ಹೊಡೆಯುವುದು, ಬ್ಲೀಚಿಂಗ್ ಪುಡಿ ಕದಡುವುದು ಯಾವ ರೂಢಿಯೂ ಅಲ್ಲ, ಅಪರಾಧ. ಕಾವಲಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆಯ ರಾಮನಾಥಪುರದಲ್ಲೇ, ಕಾವೇರಿಯ ವಹ್ನಿ ಪುಷ್ಕರಿಣಿಯಲ್ಲಿ ನೋಡಬಹುದು. ಹಿಡಿಯಬಾರದೆಂಬ ನಿಯಮವೂ ಊರಿನವರ ಭಕ್ತಿಯೂ ಸೇರಿ ಅಲ್ಲಿ ಬಿಳಿಮೀನನ್ನು ಉಳಿಸಿವೆ.

ಮರಿ ತಂದು ಬಿಡುವ ಬಗ್ಗೆ ಎಚ್ಚರಿಕೆಯಿಂದ ಮಾತನಾಡಬೇಕಾಗಿದೆ. ಕಾವೇರಿಗೇ ಸೇರಿದ ಡುಬ್ಬದ ಬಿಳಿಮೀನು, 50 ಕೆ.ಜಿ. ಮೀರಿ ಬೆಳೆಯಬಲ್ಲ, ಕಿತ್ತಳೆ ರೆಕ್ಕೆಯ ಮೀನು, ಲೋಕದಲ್ಲಿ ಬೇರೆಲ್ಲೂ ಇಲ್ಲ. ಅದರ ವೈಜ್ಞಾನಿಕ ಹೆಸರು ಟಾರ್ ರೇಮಾದೇವಿ ಎಂಬುದು ಖಚಿತವಾದದ್ದೂ, ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದು ಅಳಿವಿನ ತೀವ್ರ ಅಂಚಿನ ಜಾತಿಯೆಂದು ಸೇರಿದ್ದೂ 2018ರಲ್ಲಿ. ಅದು ಈ ಸ್ಥಿತಿಗೆ ಬರಲು ಒಂದು ಕಾರಣ ಮೀನನ್ನು ಉಳಿಸಬೇಕೆಂಬ ಪ್ರಯತ್ನವೇ ಆಗಿತ್ತೆಂಬುದು ನೋವಿನ ಸಂಗತಿ. 1970ರ ದಶಕದಿಂದ ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಸೀರ್, ಅಂದರೆ ಟಾರ್ ಖುದ್ರಿ, ಕಾವೇರಿಗೆ ಬಂದು ಸೇರಿತು. ಬೇರೆ ಕೊಳ್ಳದ ಆ ಮೀನು ಇಲ್ಲಿ ಚೆನ್ನಾಗಿ ಬೆಳೆದು, ನಾಡಮೀನಿನ ಜಾಗವನ್ನು ಆಕ್ರಮಿಸಿತು. ಇಂದು ‘ಮಹಸೀರ್ ಮರಿ’ ಎಂದು ಸಿಗುವುದನ್ನೆಲ್ಲ ತಂದು ಹೇಮಾವತಿಗೆ ಸುರಿದರೆ ಅದೇ ಪ್ರಮಾದವನ್ನು ಇನ್ನೊಂದು ಹೊಳೆಯಲ್ಲಿ ಮಾಡಿದಂತಾಗುತ್ತದೆ. ತಮಿಳುನಾಡಿನ ಮೋಯಾರ್‌ನಂಥ ಕೆಲವೇ ಹೊಳೆಗಳಲ್ಲಿ ಉಳಿದಿರುವ ಅಸಲಿ ತಳಿಯಿಂದ, ಡಿಎನ್‌ಎ ಪರೀಕ್ಷೆಯಾದ ಪೋಷಕ ಮೀನುಗಳಿಂದ ಮರಿ ಮಾಡುವ ವ್ಯವಸ್ಥೆ ಆಗುವವರೆಗೆ ಮರಿ ಬಿಡದಿರುವುದೇ ಮೇಲು.

ಸಾಲ್ಮನ್ ನಾಡುಗಳ ಅನುಭವವೂ ಮರಿಕೇಂದ್ರಗಳ ವಿಷಯದಲ್ಲಿ ಇದನ್ನೇ ಬೆಂಬಲಿಸುತ್ತದೆ. ಇಂಗ್ಲೆಂಡಿನ ಟೈನ್ ನದಿಯ ಮೇಲ್ಭಾಗದಲ್ಲಿ ನೀರು ಪೂರೈಕೆಗಾಗಿ ಕೀಲ್ಡರ್ ಜಲಾಶಯ ಕಟ್ಟಿದಾಗ, ಮುಳುಗಿದ ಮೊಟ್ಟೆಯಿಡುವ ನೆಲೆಗಳಿಗೆ ಬದಲಾಗಿ ಒಂದು ಸಾಲ್ಮನ್ ಮರಿಕೇಂದ್ರವನ್ನು ತೆರೆದರು. ಟೈನ್ ಮುಂದೆ ಇಂಗ್ಲೆಂಡಿನ ಉತ್ತಮ ಸಾಲ್ಮನ್ ನದಿಯಾಯಿತು. ಆರಂಭದ ವರ್ಷಗಳಲ್ಲಿ ಮರಿಗಳು ನೆರವಾದವಾದರೂ, ನದಿ ಚೇತರಿಸಿಕೊಂಡದ್ದು ಮುಖ್ಯವಾಗಿ ಅಳಿವೆಯ ಕೊಳಕು ನೀರು ಶುದ್ಧವಾದದ್ದರಿಂದ ಎಂದು ಆಮೇಲಿನ ಅಧ್ಯಯನಗಳು ತೋರಿಸಿದವು.

ಅಣೆಕಟ್ಟೆಯ ಕೆಳಗಿನ ಭಾಗವನ್ನೂ ಕೈಬಿಡಬಾರದು. ಗೊರೂರಿನಿಂದ ಕೆಆರ್‌ಎಸ್ ಹಿನ್ನೀರಿನವರೆಗಿನ ಹೇಮಾವತಿಗೆ ಅಡ್ಡವಾಗಿ ಶ್ರೀರಾಮದೇವರ ಕಟ್ಟೆ, ಮಂದಗೆರೆ, ಹೇಮಗಿರಿ ಎಂಬ ಹಳೆಯ ಗಿಡ್ಡ ಕಟ್ಟೆಗಳಿವೆ. ಏಣಿಗೆ ಹಾಕುವ ಹಣವನ್ನು ಇಲ್ಲಿ ಹಾಕಬಹುದು: ಕಟ್ಟೆಯ ಒಂದು ಬದಿಯಲ್ಲಿ ದೊಡ್ಡ ಬಂಡೆಗಳನ್ನು ಜೋಡಿಸಿ, ನೀರು ನಿಧಾನವಾಗಿ ಮೆಟ್ಟಿಲಿಳಿಯುವಂಥ ಕಲ್ಲಿಳಿಜಾರು ಮಾಡಿದರೆ ಜಿಗಿಯದ ಮೀನೂ ಹತ್ತಬಲ್ಲದು. ಇದರ ಜೊತೆಗೆ ಪ್ಯೂಟಾ ಹೊಳೆಯಂತೆ ಬೇಸಿಗೆಯಲ್ಲೂ ಒಂದು ತೆಳುವಾದ ಹರಿವು ಬೇಕು. ಫೆಬ್ರವರಿಯಿಂದ ಮೇ ತನಕ 120 ದಿನ ದಿನವೂ 100 ಕ್ಯೂಸೆಕ್ ನದಿಗೆ ಬಿಟ್ಟರೆ ಒಟ್ಟು ಬೇಕಾಗುವುದು ಒಂದು ಟಿಎಂಸಿಗಿಂತ ತುಸು ಹೆಚ್ಚು. ಅದು ಪೋಲಾಗುವ ನೀರೂ ಅಲ್ಲ. ದಾರಿಯಲ್ಲಿ ಪಂಪುಗಳು ಎತ್ತಿದ್ದನ್ನೂ ಇಂಗಿದ್ದನ್ನೂ ಬಿಟ್ಟು ಉಳಿದದ್ದು ಕೆಆರ್‌ಎಸ್ ಸೇರುತ್ತದೆ. ಕಾವೇರಿ ನ್ಯಾಯಮಂಡಳಿಯ 2007ರ ಅಂತಿಮ ತೀರ್ಪು ಇಡೀ ಕೊಳ್ಳಕ್ಕೆ 740 ಟಿಎಂಸಿ ಲೆಕ್ಕ ಹಾಕುವಾಗ ಪರಿಸರಕ್ಕೆಂದು 10 ಟಿಎಂಸಿಯನ್ನು ಪ್ರತ್ಯೇಕವಾಗಿ ಎತ್ತಿಟ್ಟಿದೆ. ನದಿಗೂ ಒಂದು ಪಾಲಿದೆ ಎಂಬುದನ್ನು ನಾವು ಹೊಸದಾಗಿ ವಾದಿಸಿ ಗೆಲ್ಲಬೇಕಾಗಿಲ್ಲ. ಬರದ ವರ್ಷದಲ್ಲಿ ಕುಡಿಯುವ ನೀರೇ ಮೊದಲು ಎಂಬುದನ್ನು ಇಂಥ ಒಪ್ಪಂದದಲ್ಲಿ ಆರಂಭದಲ್ಲೇ ಬರೆದಿಡಬೇಕು.

ಕೊನೆಯದಾಗಿ ನಿಮ್ಮ ಕಿಂಡಿ ಅಣೆಕಟ್ಟು. ವಾಷಿಂಗ್ಟನ್ ರಾಜ್ಯದಲ್ಲಿ ರಸ್ತೆಯಡಿಯ ಮೋರಿಗಳೇ ಸಾಲ್ಮನ್ ದಾರಿಗೆ ಅಡ್ಡವಾಗಿವೆಯೆಂದು ಮೂಲನಿವಾಸಿ ಬುಡಕಟ್ಟುಗಳು ದಾವೆ ಹೂಡಿದ್ದವು. ಅವುಗಳನ್ನು ಸರಿಪಡಿಸಬೇಕೆಂಬ ಆದೇಶ 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲೂ ಉಳಿಯಿತು. ಸಣ್ಣ ಕಟ್ಟಡವೂ ಇಡೀ ಹಳ್ಳವನ್ನು ಮುಚ್ಚಬಲ್ಲದು. ನಿಮ್ಮ ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಮೇ ಮಧ್ಯದೊಳಗೆ, ಮುಂಗಾರಿನ ಮೊದಲ ಏರುನೀರಿಗೆ ಮುಂಚೆ, ಎಲ್ಲ ಕಿಂಡಿಗಳಿಂದಲೂ ತಳದವರೆಗೆ ತೆಗೆಯಿರಿ. ಮತ್ತೆ ಹಾಕುವುದು ನವೆಂಬರಿನಲ್ಲಿ, ದೊಡ್ಡ ಮೀನು ಇಳಿದು ಹೋದ ಮೇಲೆ. ಹಾಕಿದ ಮೇಲೂ ಒಂದು ಕಿಂಡಿಯಲ್ಲಿ ಮೇಲಿನ ಹಲಗೆಯನ್ನು ತುಸು ತಗ್ಗಿಸಿ, ಕೆಳಗಿನ ಮಡು ಬತ್ತದಷ್ಟು ನೀರು ಸದಾ ಹರಿಯಲು ಬಿಡಿ. ಹಲಗೆ ತೆಗೆದ ಮೇಲೆ ಕಾಂಕ್ರೀಟ್ ಹಾಸಿನ ತುದಿಗೆ ಹೋಗಿ ಕೆಳಗೆ ನೋಡಿ. ಹಾಸಿಗೂ ಕೆಳಗಿನ ನೀರಿಗೂ ಒಂದು ಗೇಣಿಗಿಂತ ಹೆಚ್ಚು ಅಂತರವಿದ್ದರೆ ಮರಿಗಳೂ ಚಿಕ್ಕ ಮೀನುಗಳೂ ಹತ್ತಲಾರವು. ಅಲ್ಲಿ ಹಳ್ಳದ್ದೇ ಬಂಡೆಗಳನ್ನು ಇಳಿಜಾರಾಗಿ ಕೂಡಿಸಿ, ನೀರು ಎರಡು ಮೂರು ಹಂತಗಳಲ್ಲಿ ಇಳಿಯುವಂತೆ ಮಾಡಿಸಿ. ತೋಟದ ರಸ್ತೆಯ ಪೈಪ್ ಮೋರಿಯನ್ನೂ ಹೀಗೆಯೇ ಪರೀಕ್ಷಿಸಿ. ಪೈಪಿನ ಬಾಯಿ ಗಾಳಿಯಲ್ಲಿ ತೂಗುತ್ತಿದ್ದರೆ, ಮುಂದಿನ ಬಾರಿ ರಿಪೇರಿಗೆ ಬಂದಾಗ ಅದನ್ನು ಹಳ್ಳದ ತಳಕ್ಕಿಂತ ಅರ್ಧ ಅಡಿ ಕೆಳಗೆ ಹೂಳಿಸಿ, ಒಳಗೆ ಕಲ್ಲು, ಮರಳು ತಾನಾಗಿ ನಿಲ್ಲುವಂತೆ ಮಾಡಬೇಕು. ಈ ಕೆಲಸಕ್ಕೆ ಹಳ್ಳ ತೆಳುವಾಗಿರುವ ಏಪ್ರಿಲ್ ಸರಿಯಾದ ತಿಂಗಳು.